ಹ್ಞೂಂ ಇದ್ದಲ್ಲಿ ಕಿವಿ

'ಇದು ಬಹಳ ಚೆನ್ನಾಗಿದೆ, ಕಣ್ಣು ಮುಚ್ಚಿಕೊಂಡು ತಗೊಳ್ಳಿ' ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕನ್ನಡಕ ಹುಡುಕುತ್ತೇನೆ. ತರಕಾರಿಯವನು ಕೊಸರು ಹಾಕಿದರೆ ತೂಕದ ಮೇಲೆ ಅನುಮಾನ, ಹಾಕದಿದ್ದರೆ ಅವನ ಮೇಲೆಯೇ ಅನುಮಾನ. ಹುಟ್ಟುಗುಣಕ್ಕೆ ಉದ್ಯೋಗವೂ ಜೊತೆಯಾಯಿತು. ಶೇಷಾದ್ರಿಪುರದ ಕಡೆಯ ಕಾಲೇಜೊಂದರಲ್ಲಿ ನಾನು ತರ್ಕಶಾಸ್ತ್ರದ ಮೇಷ್ಟ್ರು. ನಮ್ಮ ಶಾಸ್ತ್ರದಲ್ಲಿ ಅನುಮಾನವೆಂದರೆ ಸಂಶಯವಲ್ಲ. ಕಂಡದ್ದರಿಂದ ಕಾಣದ್ದನ್ನು ತಿಳಿಯುವ ದಾರಿ. ಹೊಗೆ ಕಂಡರೆ ಬೆಂಕಿ ಇದೆ ಅಂದುಕೊಳ್ಳುತ್ತೇವಲ್ಲ, ಅದು. ಆದರೆ ಕನ್ನಡಿಗರು ಎರಡಕ್ಕೂ ಒಂದೇ ಪದ ಸಾಕು ಮಾಡಿಕೊಂಡಿದ್ದಾರೆ. ನಾನಂತೂ ಎರಡನ್ನೂ ಒಟ್ಟಿಗೇ ಮಾಡಿಕೊಂಡು ಬಂದವನು.

ಇಂಥವನ ಪಾಲಿಗೆ ಇಯರ್‌ಫೋನ್ ಆರಿಸುವ ಕೆಲಸ ಬಂತು. ನನ್ನ ಹೆಂಡತಿ ಪದ್ಮ ಹೈಸ್ಕೂಲು ಟೀಚರು. ಆ ವರ್ಷ ರಾಮನಗರಕ್ಕೆ ವರ್ಗವಾಗಿ, ಚಾಮರಾಜಪೇಟೆಯ ಮನೆಯಿಂದ ದಿನವೂ ರೈಲಿನಲ್ಲಿ ಹೋಗಿಬರತೊಡಗಿದ್ದಳು. ಅವಳ ತಮ್ಮ ಬೆಂಕಿಪೊಟ್ಟಣದಷ್ಟಿರುವ ಎಂಪಿತ್ರೀ ಪ್ಲೇಯರೊಂದನ್ನು ತಂದುಕೊಟ್ಟ. ಅದರ ಜೊತೆಗೆ ಬಂದಿದ್ದ ಇಯರ್‌ಫೋನು ರೈಲು ಕುಲುಕಿದಾಗಲೆಲ್ಲ ಕಿವಿಯಿಂದ ಉದುರಿ, ಪಕ್ಕದಲ್ಲಿ ಕೂತವರ ತಿಂಡಿ ಡಬ್ಬಿಗೆ ಬೀಳುತ್ತಿತ್ತಂತೆ.

"ಕಿವಿ ಒಳಗೇ ಕೂರೋ ಥರದ್ದು ಬಂದಿದೆಯಂತೆ ರೀ. ತೀರಾ ದುಬಾರಿ ಬೇಡ, ತೀರಾ ಅಗ್ಗದ್ದೂ ಬೇಡ. ಒಂದು ನೋಡ್ಕೊಂಡು ಬನ್ನಿ" ಎಂದಳು.

ಆಗಲಿ ಎಂದೆ. ಆದರೆ ಒಳಗೊಂದು ಕಸಿವಿಸಿ. ಕಾರಣ ಹೇಳಿಬಿಡುತ್ತೇನೆ: ನನ್ನ ಮಾತಿಗೆ ಹ್ಞೂಂ ಬೇಕು. ನಾವು ಚಿಕ್ಕವರಿದ್ದಾಗ ಅಜ್ಜಿ ಕಥೆ ಹೇಳುತ್ತಿದ್ದರು. ಹ್ಞೂಂಗುಟ್ಟುವುದನ್ನು ನಾವು ಮರೆತರೆ ರಾಜಕುಮಾರನನ್ನು ಕಾಡಿನ ನಡುವೆ ನಿಲ್ಲಿಸಿ, ತಾವು ಎಲೆಯಡಿಕೆಯ ತಟ್ಟೆ ಎಳೆದುಕೊಳ್ಳುತ್ತಿದ್ದರು. ನನ್ನ ಮಾತೂ ಹಾಗೆಯೇ, ಹ್ಞೂಂ ಬೀಳದಿದ್ದರೆ ಅಲ್ಲಿಯೇ ನಿಲ್ಲುತ್ತದೆ. ಕಾಲೇಜಿನ ಹುಡುಗರು ಹ್ಞೂಂ ಅನ್ನುವುದಿಲ್ಲ, ಆಕಳಿಸುತ್ತಾರೆ. ಇಷ್ಟು ದೊಡ್ಡ ಬೆಂಗಳೂರಿನಲ್ಲಿ ನನಗೆ ಹ್ಞೂಂಗುಟ್ಟುವವಳು ಪದ್ಮ ಒಬ್ಬಳೇ. ಸಂಜೆ ಅವಳು ಬಂದ ಮೇಲೆಯೇ ನನ್ನ ದಿನ ಶುರುವಾಗುವುದು. ಹೊಗೆಯಿದ್ದಲ್ಲಿ ಬೆಂಕಿ ಇದೆ ಎಂಬಂತೆ, ಹ್ಞೂಂ ಇದ್ದಲ್ಲಿ ಕಿವಿ ಇದೆ ಎಂದು ನೆಮ್ಮದಿಯಿಂದಿದ್ದೆ. ಈಗ ಆ ಕಿವಿಗೆ ನಾನೇ ಬಿರಡೆ ತಂದುಕೊಡಬೇಕಿತ್ತು.

ಉಪ್ಪಾರಪೇಟೆಯಲ್ಲಿ ಶಿವಣ್ಣನವರ ಅಂಗಡಿ. ಅವರ ತಂದೆಯ ಕಾಲದಲ್ಲಿ ರೇಡಿಯೋ ಮಾರುತ್ತಿದ್ದ ಜಾಗ. ಶಿವಣ್ಣನವರಿಗೆ ಹಣೆಯ ತುಂಬ ವಿಭೂತಿ, ಮುಖದ ತುಂಬ ನಗು. ಎರಡೂ ಒಟ್ಟಿಗಿದ್ದರೆ ನನಗೆ ನಗುವಿನ ಮೇಲೆ ಅನುಮಾನ. ಗಾಜಿನ ಪೆಟ್ಟಿಗೆಯಲ್ಲಿ ಎಡಕ್ಕೆ ತೀರಾ ಅಗ್ಗದವು, ಬಲಕ್ಕೆ ಮುಟ್ಟಲಾರದಷ್ಟು ದುಬಾರಿಯವು, ನಡುವೆ ಮಧ್ಯಮ ಬೆಲೆಯವು. ನಮ್ಮಂಥ ಸಂಬಳದವರು ಎಡಕ್ಕೆ ನೋಡಿ ಮೂಗು ಮುರಿದು, ಬಲಕ್ಕೆ ನೋಡಿ ಬೆವರಿ, ನಡುವಿನದನ್ನು ಎತ್ತಿಕೊಂಡು ಜಾಣರಾದೆವೆಂದು ಬೀಗಲಿ ಎಂದೇ ಆಚೀಚಿನವನ್ನು ಇಟ್ಟಿರುತ್ತಾರೆ. ಇದು ಗೊತ್ತಿದ್ದೂ ನಾನು ನಡುವಿನದನ್ನೇ ಕೇಳಿದೆ.

"ಮೂರು ಥರ ಇದೆ ಮೇಷ್ಟ್ರೇ. ಮೂರನ್ನೂ ಮನೇಗೆ ತಗೊಂಡೋಗಿ. ಒಂದು ವಾರ ಕೇಳಿ ನೋಡಿ, ಬೇಡದ್ದು ವಾಪಸ್ ತನ್ನಿ" ಎಂದರು ಶಿವಣ್ಣ.

ಇಷ್ಟು ಒಳ್ಳೆಯತನವನ್ನು ಯಾರಾದರೂ ಸುಮ್ಮನೆ ತೋರಿಸುತ್ತಾರೆಯೇ? ಕಿವಿಯ ಮೇಲೆ ಹೂವಿಡುವವರನ್ನು ಕಂಡಿದ್ದೇನೆ. ಇವರು ಕಿವಿಯ ಒಳಗೇ ಇಡಲು ಹೊರಟಿದ್ದರು. ಬಸ್ಸಿನಲ್ಲಿ ಬರುವಾಗ ಇನ್ನೊಂದು ಹೊಳೆಯಿತು. ನನಗೆ ಹೀಗೆ ಕೊಟ್ಟವರು ನನಗಿಂತ ಮೊದಲು ಎಷ್ಟು ಜನಕ್ಕೆ ಕೊಟ್ಟಿರಬೇಕು? ಬಾಯಿಗೆ ಎಂಜಲಿದೆ, ಸರಿ. ಕಿವಿಗೆ ಎಂಜಲಿದೆಯೇ? ನೀರು ಸಿಗದ ಕಡೆ ಬಲಗಿವಿ ಮುಟ್ಟಿಕೊಂಡರೂ ಆಚಮನವಾದಂತೆಯೇ, ಅಲ್ಲಿ ಗಂಗೆಯೇ ಇದ್ದಾಳೆ ಎಂದು ನಮ್ಮ ತಾತ ಹೇಳುತ್ತಿದ್ದರು. ಆ ಲೆಕ್ಕದಲ್ಲಿ 'ಆರ್' ಎಂದು ಬರೆದಿರುವ ತುದಿ ಯಾರ ಕಿವಿಗೆ ಹೋಗಿ ಬಂದಿದ್ದರೂ ಮಡಿಯೇ. 'ಎಲ್' ಎಂಬುದರ ಬಗ್ಗೆ ಶಾಸ್ತ್ರ ಏನೂ ಹೇಳಿಲ್ಲ. ಆದ್ದರಿಂದ ಮನೆಗೆ ಬಂದವನೇ ತುದಿಗಳಿಗೆ ಹಾಕಿದ್ದ ಅಷ್ಟೂ ರಬ್ಬರ್ ಟೋಪಿಗಳನ್ನು ಬಿಚ್ಚಿ ಬಿಸಿನೀರಿಗೆ ಹಾಕಿದೆ. ತಿಳಿಸಾರಿನಲ್ಲಿ ಬಿದ್ದ ಮೆಣಸಿನ ಕಾಳುಗಳ ಹಾಗೆ ತೇಲುತ್ತಿದ್ದವು. ಪದ್ಮ ಇಣುಕಿ ನೋಡಿ, ಏನೂ ಕೇಳದೆ, ಸಾರಿನ ಪಾತ್ರೆಯನ್ನು ಮಾತ್ರ ಈಚೆಗೆ ಸರಿಸಿಟ್ಟಳು.

ಪರೀಕ್ಷೆಗೆ ಅವಳ ಪ್ಲೇಯರಿನಲ್ಲಿದ್ದ ಒಂದು ಕಛೇರಿಯನ್ನೇ ಮೂರರಲ್ಲೂ ಕೇಳಿದೆ. ಮೊದಲನೆಯದರಲ್ಲಿ ಮೃದಂಗವೇ ಯಜಮಾನ. ಹಾಡುವವರು ಎಲ್ಲೋ ಅಡುಗೆಮನೆಯಲ್ಲಿ ಕೂತು ಹಾಡಿದಂತಿತ್ತು. ಎರಡನೆಯದರಲ್ಲಿ ಪಿಟೀಲು ಎಷ್ಟು ಸ್ಪಷ್ಟವೆಂದರೆ ವಾದಕರ ಉಸಿರೂ ಕೇಳುತ್ತಿತ್ತು. ಆದರೆ ಅದರ ಟೋಪಿ ಗಟ್ಟಿ, ಸ್ವಲ್ಪ ಹೊತ್ತಿಗೇ ಕಿವಿ ಹಿಂಡಿಸಿಕೊಂಡ ಹುಡುಗನಂತಾದೆ. ಸಾಲದ್ದಕ್ಕೆ ಅದರ ತಂತಿ ಅಂಗಿಗೆ ತಾಗಿದರೆ ಒಳಗೆ ಮಣೆ ಎಳೆದ ಸದ್ದು.

ಮೂರನೆಯದು ಒಳ್ಳೆಯದಿತ್ತು. ಅಲ್ಲೇ ನನಗೆ ಭಯವಾದದ್ದು. ಹಾಡು ಹಿತ, ತೊಟ್ಟಿದ್ದೇ ಮರೆತುಹೋಗುವಷ್ಟು ಮೆತ್ತಗೆ. ಪ್ರಯಾಣಕ್ಕೆ ಹೇಗೋ ನೋಡೋಣವೆಂದು ಹಾಕಿಕೊಂಡೇ ಕೃಷ್ಣರಾಜ ಮಾರುಕಟ್ಟೆಗೆ ಹೋದೆ. ಅಷ್ಟು ಗದ್ದಲದ ಜಾಗದಲ್ಲಿ ಬಾಯಿಗಳು ಆಡುತ್ತಿದ್ದವು, ಸದ್ದಿರಲಿಲ್ಲ. ಬುಟ್ಟಿ ಹೊತ್ತವನೊಬ್ಬ ದಾರಿ ಬಿಡಿ ಎಂದು ಕೂಗಿ ಕೂಗಿ ಸಾಕಾಗಿ ಬುಟ್ಟಿಯಿಂದಲೇ ನನ್ನನ್ನು ಪಕ್ಕಕ್ಕೆ ತಳ್ಳಿದ. ಮಾರುಕಟ್ಟೆಯನ್ನೇ ಅಡಗಿಸುವ ಈ ವಸ್ತುವಿಗೆ ಒಬ್ಬ ಗಂಡ ಯಾವ ಲೆಕ್ಕ? ಮನೆಗೆ ಬಂದು, ಇದ್ದುದರಲ್ಲಿ ಮೊದಲನೆಯದೇ ವಾಸಿ ಎಂದು ತರ್ಕಬದ್ಧವಾಗಿ ವಾದಿಸಿದೆ. ಪದ್ಮ ಎಲ್ಲಕ್ಕೂ ಹ್ಞೂಂ ಎಂದು, ಮೂರನೆಯದನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡಳು.

ಮಾರನೆಯ ಸಂಜೆ ಅವಳು ಅದನ್ನು ಕಿವಿಯಲ್ಲಿಟ್ಟುಕೊಂಡೇ ಮನೆಗೆ ಬಂದಳು. ಹಾಗೆಯೇ ಕಾಫಿ ಮಾಡಿದಳು, ಹಾಗೆಯೇ ಹುರುಳಿಕಾಯಿ ಬಿಡಿಸಲು ಕೂತಳು. ನಾನು ಎದುರು ಕೂತು ಕಾಲೇಜಿನ ಸುದ್ದಿ ತೆಗೆದೆ. ಹ್ಞೂಂ ಬಂತು. ಇನ್ನಷ್ಟು ಹೇಳಿದೆ. ಮತ್ತೆ ಹ್ಞೂಂ, ಸರಿಯಾದ ಜಾಗದಲ್ಲೇ. ಆದರೆ ಅದು ನನಗೋ, ಒಳಗಿನ ರಾಗಕ್ಕೋ, ಬರೀ ಅಭ್ಯಾಸವೋ? ಇಷ್ಟು ವರ್ಷದ ಹ್ಞೂಂಗಳೆಲ್ಲ ಹೀಗೆಯೇ ಇರಬಹುದೆಂಬ ಯೋಚನೆಯೂ ಬಂತು. ಪ್ರಮಾಣಿಸಿ ನೋಡದೆ ವಿಧಿಯಿರಲಿಲ್ಲ.

"ಇವತ್ತು ಬಸವನಗುಡಿ ಗುಡಿಯಲ್ಲಿ ದೊಡ್ಡ ಬಸವ ಎದ್ದು, ಹೊರಗೆ ಬಂದು, ಒಂದು ಸೇರು ಕಡಲೆಕಾಯಿ ತಿಂದು, ಮತ್ತೆ ಹೋಗಿ ಕೂತ್ಕೊಂಡ್ನಂತೆ" ಎಂದೆ.

"ಹ್ಞೂಂ" ಎಂದಳು ಪದ್ಮ, ನಾರು ತೆಗೆಯುತ್ತಾ.

ಮುಗಿಯಿತು, ಹೊಗೆ ಇದೆ, ಬೆಂಕಿ ಇಲ್ಲ. ದುಃಖವಾಯಿತು. ಆದರೆ ಕೇಳಿಸದವರ ಮುಂದೆ ಒಂದು ಧೈರ್ಯವೂ ಬರುತ್ತದೆ. ಆ ಧೈರ್ಯದಲ್ಲಿ, ಎದುರುಬದುರು ಯಾವತ್ತೂ ಹೇಳದ ಮಾತು ಬಾಯಿಗೆ ಬಂತು.

"ನೀನು ರಾಮನಗರಕ್ಕೆ ಹೋಗೋಕೆ ಶುರು ಮಾಡಿದ್ಮೇಲೆ ನಂಗೆ ಮನೇಲಿ ಹೊತ್ತೇ ಹೋಗಲ್ಲ. ಸಂಜೆ ಆಯ್ತು ಅಂದ್ರೆ ಬಾಗಿಲಲ್ಲೇ ನಿಂತಿರ್ತೀನಿ. ನೀನು ಬರೋದು ಕಂಡ ತಕ್ಷಣ ಒಳಗೆ ಬಂದು ಪೇಪರ್ ಹಿಡ್ಕೋತೀನಿ."

ಹ್ಞೂಂ ಬರಲಿಲ್ಲ. ಹುರುಳಿಕಾಯಿಯ ಮೇಲೆ ಅವಳ ಕೈ ನಿಂತಿತ್ತು.

ಅವಳು ನಿಧಾನವಾಗಿ ಎಡಗಿವಿಯದನ್ನು ತೆಗೆದು ನನ್ನ ಕೈಗಿಟ್ಟಳು. ಬಿಸಿನೀರು, ಶಾಸ್ತ್ರ ಯಾವುದೂ ನೆನಪಾಗದೆ ಕಿವಿಗಿಟ್ಟುಕೊಂಡೆ. ಒಳಗೆ ಏನೂ ಇರಲಿಲ್ಲ.

"ಬಿಡದಿ ದಾಟೋ ಹೊತ್ಗೇ ಬ್ಯಾಟರಿ ಖಾಲಿ ಆಯ್ತು. ರೈಲಿಳಿದ್ಮೇಲೆ ಬಸ್ಸಿನ ಗಲಾಟೆಗೆ ಅಂತ ಹಾಗೇ ಇಟ್ಕೊಂಡು ಬಂದೆ. ಹಾಡಿಲ್ಲದಿದ್ರೆ ಎದುರಿಗೆ ಕೂತೋರ ಮಾತು ಕೇಳಿಸುತ್ತೆ."

"ಮತ್ತೆ ಬಸವ ಎದ್ದಿದ್ದಕ್ಕೆ ಹ್ಞೂಂ ಅಂದ್ಯಲ್ಲ?"

"ಪರೀಕ್ಷೆ ಮಾಡ್ತಿದೀರಿ ಅಂತ ಗೊತ್ತಾಯ್ತು. ನಿಮ್ಗೆ ಬೇಕಾಗಿದ್ದು ಹ್ಞೂಂ ತಾನೇ, ಕೊಟ್ಟೆ."

ಹ್ಞೂಂ ಇದ್ದಲ್ಲಿ ಕಿವಿ ಎಂಬ ನನ್ನ ಸೂತ್ರ ಅಂದು ಬಿದ್ದುಹೋಯಿತು. ಹ್ಞೂಂ ನಿಂತಾಗಲೇ ಅವಳು ಪೂರಾ ಕೇಳುತ್ತಿದ್ದಳು. ಅಂದಿನಿಂದ ನಾನು ಪೇಪರಿನ ನಾಟಕ ಬಿಟ್ಟೆ, ಬಾಗಿಲಲ್ಲೇ ನಿಂತಿರುತ್ತೇನೆ. ದೂರದಿಂದ ನನ್ನನ್ನು ಕಂಡ ಕೂಡಲೇ ಅವಳು ನಡೆಯುತ್ತಲೇ ಎರಡನ್ನೂ ಕಿವಿಯಿಂದ ತೆಗೆಯುತ್ತಾಳೆ.

ವಾರ ಕಳೆದು ಉಳಿದೆರಡನ್ನು ವಾಪಸ್ ಕೊಡಲು ಹೋದೆ. ಶಿವಣ್ಣನವರು ಯಾವುದೋ ಪ್ಲೇಯರಿನ ಹಿಂಬದಿ ಬಿಚ್ಚಿಕೊಂಡು ಕೂತಿದ್ದರು.

"ಯಾವುದು ಚೆನ್ನಾಗಿತ್ತು ಮೇಷ್ಟ್ರೇ?"

"ಬ್ಯಾಟರಿ ಖಾಲಿಯಾದ್ರೆ ಮೂರನೇದು" ಎಂದೆ.

"ಹ್ಞೂಂ" ಎಂದರು ತಲೆಯೆತ್ತದೆ. ಕೇಳಿಸಿಕೊಂಡರೆಂದು ನನಗೇನೂ ನಂಬಿಕೆಯಿಲ್ಲ.