ಟೈಪಿಂಗ್ ಮಾಸ್ತರರ ಎರಡು ಊರು

ಹಗರಿಬೊಮ್ಮನಹಳ್ಳಿಯ ಟೈಪಿಂಗ್ ಮಾಸ್ತರರು ಕಲಿಯಲು ಬಂದ ಎಲ್ಲರಿಗೂ ಒಂದೇ ಇಂಗ್ಲಿಷ್ ಪುಟ ಕೊಡುತ್ತಿದ್ದರು. ಅದು ಅಮೆರಿಕದ ದಕ್ಷಿಣ ಭಾಗದ ಒಂದು ಸಣ್ಣ ಪಟ್ಟಣದ ಪರಿಚಯ. ಅಲ್ಲಿಗೆ ಕಾಗದ ಬರೆದು ಪುಕ್ಕಟೆ ತರಿಸಿಕೊಂಡದ್ದು. ಕೇಜನ್ ಎಂಬ ಜನರನ್ನು ಹಿಂದೆ ಯಾರೋ ಅವರ ನೆಲದಿಂದ ಎಬ್ಬಿಸಿ ಓಡಿಸಿದ್ದರಂತೆ. ಅವರು ಈ ಜೌಗು ನೆಲಕ್ಕೆ ಬಂದು ನೆಲೆಸಿದರೂ ತಮ್ಮ ಫ್ರೆಂಚ್ ಮಾತನ್ನಾಗಲಿ ಅಡುಗೆಯನ್ನಾಗಲಿ ಬಿಡಲಿಲ್ಲವಂತೆ. ಕೊನೆಯ ಸಾಲು, ಪ್ರವಾಸಿಗರಿಗೆ ವರ್ಷವಿಡೀ ಸ್ವಾಗತ.

ಸೀಗಡಿಯನ್ನು ಕಣ್ಣಲ್ಲೂ ಕಾಣದ ನಾವು ಆ ಊರಿನ ಸೀಗಡಿ ಸಾರನ್ನು ತಪ್ಪಿಲ್ಲದೆ ಟೈಪ್ ಮಾಡುತ್ತಿದ್ದೆವು. ಮಾಸ್ತರರು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಟೈಪ್‌ರೈಟರಿನ ಅಕ್ಷರದಚ್ಚುಗಳ ಮಸಿ ತಿಕ್ಕುತ್ತ, ತಲೆ ಎತ್ತದೆ ಒಂದೇ ಮಾತು ಹೇಳುತ್ತಿದ್ದರು: "ಮೊದ್ಲು ಮಾರ್ಜಿನ್ ಬಿಡ್ರಿ."

ನಾನು ಕನ್ನಡ ಟೈಪಿಂಗ್ ಪರೀಕ್ಷೆ ಕಟ್ಟಿದ ವರ್ಷ ಅವರು ತಾವೇ ಬರೆದ ಪುಟವೊಂದನ್ನು ಕೊಟ್ಟರು. ಧಾಟಿ ಅದೇ, ಊರು ಬೇರೆ. "ಊರ ಪಕ್ಕದಲ್ಲೇ ಹೊಳೆ ಹರಿಯುತ್ತದೆ. ಅಗಸಿ ಬಾಗಿಲ ಬಳಿ ದೊಡ್ಡ ಹುಣಸೆ ಮರವಿದೆ. ಇಲ್ಲಿಯ ಬದನೆಕಾಯಿ ಸುತ್ತಲೂ ಹೆಸರುವಾಸಿ. ಪ್ರವಾಸಿಗರಿಗೆ ಬೇಸಿಗೆಯಲ್ಲಿ ಮಾತ್ರ ಸ್ವಾಗತ."

ಕೊನೆಯ ಸಾಲಿನಲ್ಲಿ ಏನೋ ತಪ್ಪಾಗಿದೆ ಎನ್ನಿಸಿ ನಾನು ಕೈ ನಿಲ್ಲಿಸಿದೆ. "ಸರ್, ಬೇಸಿಗ್ಯಾಗ ಮಾತ್ರ ಯಾಕ್ರಿ?"

"ಆವಾಗ ಡ್ಯಾಮಿನ ನೀರು ಇಳೀತೈತವ್ವಾ, ನಮ್ಮೂರು ಕಾಣತೈತಿ," ಎಂದರು, ಬ್ರಷ್ ನಿಲ್ಲಿಸದೆ. "ಮಾರ್ಜಿನ್ ಬಿಟ್ಟಿಯೇನು?"