ಕ್ರೀಮಕ್ಕನ ಎರಡು ಕೆನ್ನೆ

ಅಂಗಡಿಗೆ ಸೇರಿದ ಮೊದಲ ತಿಂಗಳು ಪೂರ್ತಿ, ಕ್ರೀಮು ಪೌಡರಿನ ಕೌಂಟರಿನಲ್ಲಿ ಅಕ್ಕತಂಗಿಯರಿಬ್ಬರು ಕೆಲಸ ಮಾಡುತ್ತಾರೆ ಎಂದೇ ನಾನು ನಂಬಿದ್ದೆ. ಬೆಳಿಗ್ಗೆ ಮೆಟ್ಟಿಲು ಹತ್ತಿ ಬರುವಾಗ ಕಾಣುತ್ತಿದ್ದವಳು ಅಕ್ಕ: ಒಣಗಿದ ಕೆನ್ನೆ, ಕಣ್ಣಿನ ಕೊನೆಯಲ್ಲಿ ಗೀರುಗಳು. ಬಿಲ್ಲು ಬರೆಯುವ ನನ್ನ ಕುರ್ಚಿಯಲ್ಲಿ ಕೂತಮೇಲೆ ಕಾಣುತ್ತಿದ್ದವಳು ತಂಗಿ: ಮಿರಮಿರ ಮಿಂಚುವ ಕೆನ್ನೆ, ಅದರ ತುಂಬ ಹರೆಯದ ಮೊಡವೆ. ನನಗೂ ಮೊಡವೆ ಇದ್ದದ್ದರಿಂದ ಜೋಡಿ ಸರಿಹೋದೀತು ಎನ್ನಿಸಿ, ತಂಗಿಗೆ ಮದುವೆಯಾಗಿದೆಯೇ ಎಂದು ಬಾಗಿಲ ಕಾವಲಿನವನನ್ನು ವಿಚಾರಿಸಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಒಂದ್ಸಲ ಎದುರುಗಡೆಯಿಂದ ಹೋಗಿ ನೋಡ್ಕೊಂಡು ಬನ್ನಿ, ಸ್ವಾಮಿ" ಎಂದ. ಹೋಗಿ ನೋಡಿದೆ. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಮೂಗು.

ಅವಳೇ ಕ್ರೀಮಕ್ಕ. ವಯಸ್ಸು ನಲವತ್ತೇಳು. ಆ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷದಿಂದ ನಿಂತಿದ್ದಾಳೆ. ಕೂರಲು ಅಲ್ಲಿ ಸ್ಟೂಲು ಸಹ ಇಲ್ಲ.

ಎರಡು ಕೆನ್ನೆ ಎರಡು ಥರ ಆದದ್ದು ಕಂಪನಿಯ ಕಟ್ಟಳೆಯಿಂದ. ಕೌಂಟರಿನವಳು ದಿನಾ ಬೆಳಿಗ್ಗೆ ಬಲಗೆನ್ನೆಗೆ ಮಾತ್ರ ಸುಕ್ಕಿನ ಕ್ರೀಮು ಬಳಿದುಕೊಳ್ಳಬೇಕು, ಎಡಗೆನ್ನೆಯನ್ನು ಹಾಗೇ ಬಿಡಬೇಕು. ಗಿರಾಕಿ ಬಂದರೆ ಮುಖವನ್ನು ಅತ್ತ ಇತ್ತ ತಿರುಗಿಸಿ, "ನೀವೇ ನೋಡಿ ಹೇಳಿ" ಎನ್ನಬೇಕು. ಮೊದಲ ಹದಿನೈದು ವರ್ಷ ಎರಡು ಕೆನ್ನೆಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಎರಡೂ ಚೆನ್ನಾಗಿದ್ದವು, ಗಿರಾಕಿಗಳು ಅದನ್ನು ಕ್ರೀಮಿನ ಲೆಕ್ಕಕ್ಕೇ ಬರೆಯುತ್ತಿದ್ದರು. ಆದ್ದರಿಂದಲೇ ಮಾಲು ಬಿಸಿ ದೋಸೆಯಂತೆ ಖರ್ಚಾಗುತ್ತಿತ್ತು.

ನಲವತ್ತಮೂರು ದಾಟಿದ ಮೇಲೆ ಮುಟ್ಟು ಹಳಿ ತಪ್ಪಿತು. ಎರಡು ತಿಂಗಳಿಗೊಮ್ಮೆ, ಆಮೇಲೆ ಮನಸ್ಸು ಬಂದಾಗೊಮ್ಮೆ. ದವಡೆಯ ಅಂಚಿನಲ್ಲಿ, ಹದಿನೆಂಟರಲ್ಲೂ ಕಾಣದಿದ್ದ ಮೊಡವೆಗಳು ಎದ್ದವು. ಜಿಡ್ಡು ಕ್ರೀಮು ಬೀಳುತ್ತಿದ್ದ ಬಲಗೆನ್ನೆಯಲ್ಲಿ ಅವು ಬೀಡು ಬಿಟ್ಟವು. ಎಡಗೆನ್ನೆಯಾದರೂ ಉಳಿಯಲಿ ಎಂದು ಅವಳು ಮನೆಯಲ್ಲಿ ಅದೇ ಕೌಂಟರಿನ ಮೊಡವೆಯ ಜೆಲ್ಲು ಹಚ್ಚಿದಳು. ಮೊಡವೆ ಹೋಯಿತು, ಜೊತೆಗೆ ನೀರಿನಂಶವೂ ಹೋಗಿ ಗೆರೆಗಳು ಬಿದ್ದವು. ಸುಕ್ಕಿಗೆ ಮದ್ದು ಹಾಕಿದರೆ ಮೊಡವೆ, ಮೊಡವೆಗೆ ಹಾಕಿದರೆ ಸುಕ್ಕು. ಅತ್ತ ದರಿ, ಇತ್ತ ಪುಲಿ.

ಮನೆಯೆಂದರೆ ಎರಡು ಕೋಣೆ, ಒಂದು ಕನ್ನಡಿ, ಒಬ್ಬಳು ಮಗಳು. ಗಂಡ ತೀರಿಹೋಗಿ ಒಂಬತ್ತು ವರ್ಷ. ಮಗಳಿಗೆ ಹದಿನೇಳು, ಅವಳ ಮುಖದ ಮೇಲೂ ಅದೇ ಬೆಳೆ.

"ಅಮ್ಮಾ, ಸರಿ ಸ್ವಲ್ಪ. ಇಬ್ರೂ ಒಟ್ಟಿಗೆ ನಿಂತ್ರೆ ಕನ್ನಡಿಗೂ ಮೊಡವೆ ಬರುತ್ತೆ."

"ನಿಂದು ಹೋಗುತ್ತೆ ಕಣೇ, ವಯಸ್ಸಿನದು."

"ನಿಂದೂ ವಯಸ್ಸಿನದೇ ಅಲ್ವಾ? ಯಾವ ವಯಸ್ಸಿನದು ಅಂತ ಹೇಳು."

ಕ್ರೀಮಕ್ಕ ಗಲ್ಲದ ಮೊಡವೆಯೊಂದನ್ನು ಉಗುರಿನಿಂದ ಒತ್ತಿದಳು.

"ಕೈ ತೆಗಿ. ಕೋತಿ ಹುಣ್ಣನ್ನ ಕೆರ್ಕೊಂಡು ಬ್ರಹ್ಮಹುಣ್ಣು ಮಾಡ್ಕೊಂಡ ಹಾಗೆ" ಎಂದು ಮಗಳು ಅವಳ ಮಣಿಕಟ್ಟು ಹಿಡಿದಳು.

ಒಂದು ಬುಧವಾರ ಮಹಡಿಯ ಮೇಲ್ವಿಚಾರಕ ಬಂದು ಕೌಂಟರಿಗೆ ಮೊಣಕೈ ಊರಿ ನಿಂತ. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿಯನ್ನು ಬೇರೆ ಕಡೆ ನೋಡಿಕೊಂಡು ಹೇಳುತ್ತಿದ್ದ.

"ಅಕ್ಕಾ, ಇನ್ನು ಮೂರು ವಾರಕ್ಕೆ ಕಂಪನಿ ಮ್ಯಾನೇಜರ್ ಬರ್ತಾರೆ. ಕೌಂಟರಿಗೆ ಯಾರಿರಬೇಕು ಅಂತ ಮುಖ ನೋಡಿ ಗುರುತು ಹಾಕ್ತಾರಂತೆ. ಉಳಿದೋರು ಗೋಡೌನಿಗೆ."

"ನಂದೇನು ಗತಿ?"

"ಮೂರು ವಾರ ಇದೆಯಲ್ಲಕ್ಕಾ" ಎಂದು ಅವನು ಶಾಂಪೂ ಬಾಟಲಿಗಳ ಕಡೆ ನೋಡಿದ.

ಗೋಡೌನು ನೆಲದಡಿಯಲ್ಲಿತ್ತು. ಕಿಟಕಿಯಿಲ್ಲ, ಪಿಳಿಪಿಳಿ ಮಿಟುಕುವ ಟ್ಯೂಬ್‌ಲೈಟು, ದಿನವಿಡೀ ಡಬ್ಬಿಗಳಿಗೆ ಬೆಲೆಚೀಟಿ ಅಂಟಿಸುವ ಕೆಲಸ. ಕಮಿಷನ್ ಇಲ್ಲ, ಕಮಿಷನ್ ಇಲ್ಲದೆ ಮಗಳ ನರ್ಸಿಂಗ್ ಓದೂ ಇಲ್ಲ. ಅಲ್ಲಿಗೆ ಇಳಿದವರಲ್ಲಿ ಆರು ತಿಂಗಳಾದ ಮೇಲೆ ಉಳಿದವರನ್ನು ಅವಳು ಕಂಡಿರಲಿಲ್ಲ.

ರಜೆ ಹಾಕಿ ಚರ್ಮದ ಡಾಕ್ಟರಮ್ಮನ ಬಳಿ ಹೋದಳು. ಆಕೆ ದೀಪ ಹಿಡಿದು ನೋಡಿ, "ಈಗ ಏನೇನು ಹಚ್ತಾ ಇದೀರಿ?" ಎಂದರು. ಕ್ರೀಮಕ್ಕ ಹೇಳುತ್ತ ಹೋದಂತೆ ಬರೆದುಕೊಳ್ಳುತ್ತಿದ್ದ ಪೆನ್ನು ನಡುವೆ ನಿಂತಿತು.

"ಎಲ್ಲಾ ನಿಲ್ಸಿ. ಮೊದಲು ಚರ್ಮ ಸುಧಾರಿಸ್ಕೊಳ್ಳಲಿ. ಸಾದಾ ಫೇಸ್‌ವಾಶು, ಹಗುರವಾದ ಮಾಯಿಶ್ಚರೈಸರು, ಬಿಸಿಲಿಗೆ ಸನ್‌ಸ್ಕ್ರೀನು. ಆಮೇಲೆ ಈ ಮುಲಾಮು, ಕಡಲೆಕಾಳಿನಷ್ಟು, ವಾರಕ್ಕೆ ಎರಡೇ ಸಲ. ಮೊಡವೆಗೂ ಸುಕ್ಕಿಗೂ ಇದೊಂದೇ ಸಾಕು."

"ಎಷ್ಟು ದಿನ ಹಿಡಿಯುತ್ತೆ, ಡಾಕ್ಟ್ರೇ?"

"ನಾಲ್ಕು ತಿಂಗಳು. ಮೊದಲ ತಿಂಗಳು ಇನ್ನೂ ಕೆಡಬಹುದು, ಹೆದರ್ಬೇಡಿ."

"ನನ್ಹತ್ರ ಹತ್ತೊಂಬತ್ತು ದಿನ ಇದೆ."

"ಚರ್ಮಕ್ಕೆ ಅದು ಗೊತ್ತಿಲ್ವಲ್ಲಮ್ಮಾ."

ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡಳು. ಮುಲಾಮು ಕೊಂಡಳು. ಆದರೆ ವಾರಕ್ಕೆರಡು ಸಲ ಎಂದದ್ದನ್ನು ದಿನಾ ಹಚ್ಚಿದಳು, ಕಡಲೆಕಾಳಿನಷ್ಟು ಎಂದದ್ದನ್ನು ಗೋಲಿಯಷ್ಟು ಮಾಡಿದಳು. ಅದರ ಕೆಳಗೆ ಮೊಡವೆಯ ಜೆಲ್ಲು, ಮೇಲೆ ಕಂಪನಿಯ ಸುಕ್ಕಿನ ಕ್ರೀಮು. ಈಗ ಎರಡು ಕೆನ್ನೆಗೂ.

ಐದನೆಯ ಸಂಜೆ ಮುಖ ಉರಿಯತೊಡಗಿತು. ಬೇರೆ ಯಾರಾದರೂ ಆಗಿದ್ದರೆ ತೊಳೆದು ಬಿಡುತ್ತಿದ್ದರು. ಆದರೆ ಉರಿಯುತ್ತೆ ಎಂದು ಡಬ್ಬಿ ವಾಪಸು ತಂದ ಎಷ್ಟೋ ಹೆಂಗಸರಿಗೆ ಅವಳು ಹತ್ತೊಂಬತ್ತು ವರ್ಷ ಒಂದೇ ಮಾತು ಹೇಳಿದ್ದಳು: "ಉರಿ ಅಂದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ, ಮೇಡಂ." ಹೇಳಿಕೊಟ್ಟವರು ಕಂಪನಿಯವರು. ಹೇಳಿ ಹೇಳಿ ಅದು ಅವಳ ಬಾಯಲ್ಲಿ ನಿಜವಾಗಿಬಿಟ್ಟಿತ್ತು. ಟವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತ, ಕೆಲಸ ಮಾಡುತ್ತಿದೆ ಎಂದುಕೊಂಡಳು.

"ಅಮ್ಮಾ, ಕೆಂಪಗಾಗಿದೆ."

"ಹಳೇ ಚರ್ಮ ಹೋಗ್ಬೇಕಲ್ಲ."

"ಹೊಸದು ಬರೋವರೆಗೂ ಏನು ಹಾಕ್ಕೊಂಡು ಓಡಾಡ್ತೀಯ?"

ಹನ್ನೆರಡನೆಯ ದಿನಕ್ಕೆ ಬಾಯಿಯ ಸುತ್ತ ಸಿಪ್ಪೆ ಎದ್ದಿತು. ಹದಿನಾರಕ್ಕೆ ಕೆನ್ನೆ ಒಸರತೊಡಗಿತು, ಬೆಳಿಗ್ಗೆ ದಿಂಬಿನ ಬಟ್ಟೆ ಮುಖಕ್ಕೆ ಅಂಟಿಕೊಂಡು ಬಂತು. ಆಗ ನಿಲ್ಲಿಸಿದಳು. ಅಷ್ಟರಲ್ಲಿ ನಿಲ್ಲಿಸಿ ಫಲವಿರಲಿಲ್ಲ. ನಕ್ಕರೆ ತುಟಿಯ ಪಕ್ಕ ಬಿರಿಯುತ್ತಿತ್ತು. ಆದ್ದರಿಂದ ನಗುವುದನ್ನೂ ಬಿಟ್ಟಳು.

ಮ್ಯಾನೇಜರ್ ಬಂದ ದಿನ ಅವಳು ಮುಖಕ್ಕೆ ದಪ್ಪನೆ ಪೌಡರು ಮೆತ್ತಿಕೊಂಡು ನಿಂತಿದ್ದಳು. ಹತ್ತು ಗಂಟೆಗೆಲ್ಲ ಪೌಡರು ಒಡೆದು ಚೂರುಚೂರಾಯಿತು. ಮ್ಯಾನೇಜರಿಗೆ ಮೂವತ್ತಿರಬೇಕು. ಆಕೆ ಕೈಯಲ್ಲಿ ಪಟ್ಟಿ ಹಿಡಿದು, ಕೌಂಟರಿನ ಪಕ್ಕದಲ್ಲೇ ನಿಂತು, "ನೀವು ನಿಮ್ಮ ವ್ಯಾಪಾರ ಮಾಡಿ, ನಾನು ನೋಡ್ತಿರ್ತೀನಿ" ಎಂದಳು. ಹಿಂದೆ ಮೇಲ್ವಿಚಾರಕ. ಅವನು ಈಗಲೂ ಶಾಂಪೂ ಕಡೆಗೇ ನೋಡುತ್ತಿದ್ದ.

ಆಗ ಗಿರಾಕಿಯೊಬ್ಬಳು ಬಂದಳು. ಹೆಚ್ಚುಕಡಿಮೆ ಕ್ರೀಮಕ್ಕನದೇ ವಯಸ್ಸು, ಗಲ್ಲದ ಮೇಲೆ ಅದೇ ಮೊಡವೆ, ಹಣೆಯ ಮೇಲೆ ಅದೇ ಗೆರೆ. ಮೊಡವೆಯ ಜೆಲ್ಲನ್ನೂ ಸುಕ್ಕಿನ ಕ್ರೀಮನ್ನೂ ಒಟ್ಟಿಗೆ ಎತ್ತಿಕೊಂಡು ತಲೆಯೆತ್ತಿದವಳು, ಎದುರಿನ ಮುಖ ಕಂಡು ಗಾಬರಿಯಾದಳು.

"ಅಯ್ಯೋ, ಏನ್ರೀ ಇದು, ನಿಮ್ಮ ಮುಖಕ್ಕೇನಾಯ್ತು?"

ಅಂಥ ಪ್ರಶ್ನೆಗೂ ಕಂಪನಿ ಉತ್ತರ ಹೇಳಿಕೊಟ್ಟಿತ್ತು: ಬಿಸಿಲು, ನಿದ್ದೆಗೇಡು, ಊಟದಲ್ಲಿ ವ್ಯತ್ಯಾಸ. ಮ್ಯಾನೇಜರ್ ಪೆನ್ನು ತೆರೆದು ಕಾಯುತ್ತಿದ್ದಳು. ಕ್ರೀಮಕ್ಕ ಒಮ್ಮೆ ಪೆನ್ನನ್ನು ನೋಡಿದಳು, ಆಮೇಲೆ ಆ ಹೆಂಗಸಿನ ಗಲ್ಲವನ್ನು ನೋಡಿದಳು.

"ನಿಮ್ಮ ಕೈಲಿರೋ ಎರಡನ್ನೂ ಒಟ್ಟಿಗೆ ಹಚ್ಚಿದೆ" ಎಂದಳು. "ಸುಟ್ಟುಹೋಯ್ತು."