ಮಾಮಾನ ಕೈಗೆ ನಾನು ಕೊಟ್ಟ ಸುತ್ತಿಗೆ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಸ್ಲ್ಯಾಬಿನ ಮೂಲೆ ಕುಸಿಯಿತು. ಆಗಷ್ಟೇ ಗಡಿಯಾರ ನೋಡಿದ್ದೆ. ಆ ದಿನದ ವಿಷಯದಲ್ಲಿ ಈ ಸಮಯವೊಂದನ್ನು ಬಿಟ್ಟು ಬೇರೆ ಯಾವುದರ ಮೇಲೂ ನಾನು ಆಣೆ ಇಡಲಾರೆ.

ಎರಡು ಸಾವಿರದ ಹತ್ತರ ಸುಮಾರು, ಗೋವಾದ ಫೋಂಡಾದಲ್ಲಿ. ಬಿಜಾಪುರದಲ್ಲಿ ಬಿ.ಎ. ಮುಗಿಸಿದ ನನ್ನನ್ನು ಅಲ್ಲಿನ ಒಂದು ಕಟ್ಟಡದ ಕೆಲಸಕ್ಕೆ ಹಾಜರಿ ಬರೆಯಲು ಸೇರಿಸಿದವನು ಸೋದರಮಾವ. ಅವನು ಅಲ್ಲಿ ಸೆಂಟ್ರಿಂಗ್ ಮೇಸ್ತ್ರಿ; ಸ್ಲ್ಯಾಬಿನ ಅಡಿಗೆ ಹಲಗೆ ಹೊಡೆದು, ಅದಕ್ಕೆ ಆಸರೆಯಾಗಿ ಕಬ್ಬಿಣದ ಕಂಬಗಳನ್ನು, ಅಂದರೆ ಜಾಕ್, ನಿಲ್ಲಿಸುವವನು. ಕಾಂಕ್ರೀಟ್ ಹಾಕಲು ಶುರು ಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ. ಜಾಕ್ ಕಡಿಮೆ ಬಿದ್ದರೆ ಆಗಲೇ ತುಂಬಿದ ಮೂಲೆಯಿಂದ ಒಂದನ್ನು ಕಿತ್ತು ಮುಂದಕ್ಕೆ ಕೊಡುತ್ತಾರೆ. ಎಲ್ಲ ಕಡೆ ಹೀಗೇ ಮಾಡುತ್ತಿದ್ದರು. ಅಂದು ಜಾಕ್ ಕಿತ್ತ ಮೂಲೆ ಬಾಗಿದ್ದನ್ನು ಕಂಡೆ. ಕೂಗಲು ಆಗಲಿಲ್ಲ. ಕೆಳಗೆ ಮಾಮಾ ಇದ್ದ.

ಅವನ ಕಾಲು ಎರಡು ಕಡೆ ಮುರಿಯಿತು. ತಲೆಗೂ ಪೆಟ್ಟು ಬಿದ್ದು ಆ ದಿನವೇ ಅವನ ನೆನಪಿನಿಂದ ಅಳಿಸಿಹೋಯಿತು. ಜಾಕ್ ಕೀಳಲು ಹೇಳಿದ್ದು ಯಾರು ಎಂದು ಕಾರ್ಮಿಕ ಅಧಿಕಾರಿ ಕೇಳಿದರೆ ಹೇಳಬೇಕಾದವನು ಹತ್ತಿರ ನಿಂತಿದ್ದ ನಾನೊಬ್ಬನೇ. ಕುಸಿದ ಗಾಬರಿಯಲ್ಲಿ ಅದಕ್ಕೆ ಮುಂಚಿನದು ನನಗೂ ಸ್ಪಷ್ಟವಿರಲಿಲ್ಲ. ಮಾಮಾ ತಾನಾಗಿ ಕಿತ್ತಿದ್ದರೆ ತಪ್ಪು ಅವನದು; ಮುಂದೆ ಯಾವ ಗುತ್ತಿಗೆದಾರನೂ ಅವನನ್ನು ಸ್ಲ್ಯಾಬಿನ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಆಮೇಲೆ ಆ ಕೆಲಸದ ಸೂಪರ್‌ವೈಸರ್ ದಿನಾ ಸಂಜೆ ನಮ್ಮ ಶೆಡ್ಡಿಗೆ ಬಂದು ಚಹಾ ತರಿಸುತ್ತಿದ್ದ.

"ಏನಪಾ ಬಿ.ಎ., ನಿದ್ದಿ ಬಂತೇನು? ಮತ್ತೊಮ್ಮೆ ಹೇಳು, ಎದಿ ಹಗರಾಗತೈತಿ. ನಿಮ್ಮ ಮಾಮಾ ಸುತ್ತಿಗಿ ಹಿಡ್ಕೊಂಡು ತಾನ ಹೋದ, ಹೌದಿಲ್ಲೋ?"

"ಸುತ್ತಿಗಿ ನೋಡಿಲ್ರಿ."

"ಮತ್ತೇನ್ ಬಾಯಿಲೆ ಊದಿ ಕೆಡವಿದ್ನ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ನಾಚಿಕೆಗೆಟ್ಟವನು.

ಮೂರನೇ ವಾರದ ಹೊತ್ತಿಗೆ ನನಗೆ ನೆನಪಿನಲ್ಲಿ ಮಾಮಾನ ಕೈಯ ಸುತ್ತಿಗೆ ಕಾಣಿಸಿತು. ಅದರ ಹಿಡಿಗೆ ಸುತ್ತಿದ ಕೆಂಪು ಚಿಂದಿಯೂ ಕಾಣಿಸಿತು. ಕಾರ್ಮಿಕ ಅಧಿಕಾರಿಗೆ ಹಾಗೆಂದೇ ಬರೆದುಕೊಟ್ಟು ಸಹಿ ಹಾಕಿದೆ.

ಆಮೇಲೊಂದು ಭಾನುವಾರ, ಹುಬ್ಬಳ್ಳಿ ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆಯಲ್ಲಿ ಮಿದುಳಿನ ಹೊಸ ಸಂಶೋಧನೆಯ ಬಗ್ಗೆ ಲೇಖನ ಓದಿದೆ. ನೆನಪು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲವಂತೆ. ಪ್ರತಿ ಸಲ ನೆನೆದಾಗಲೂ ಅದು ಮೆತ್ತಗಾಗಿ ಮತ್ತೆ ಗಟ್ಟಿಯಾಗಬಹುದಂತೆ. ಆ ನಡುವೆ ಬೆರೆತದ್ದೂ ಅದರೊಂದಿಗೇ ಗಟ್ಟಿಯಾಗಬಹುದಂತೆ. ನನ್ನ ಮೈ ಉರಿಯಿತು. ಚಹಾ ತರಿಸಿದ ಆ ಸೂಪರ್‌ವೈಸರ್ ನನ್ನ ತಲೆಯೊಳಗೆ ತನ್ನ ರಾಡಿ ಸುರಿದು, ಒಣಗುವವರೆಗೆ ಎದುರಿಗೆ ಕೂತಿದ್ದ.

ಇನ್ನೂ ಯಾರೂ ಕಲಕದ ನೆನಪು ಯಾರ ಹತ್ತಿರ ಉಳಿದಿದೆ? ಪಕ್ಕದ ಶೆಡ್ಡಿನಲ್ಲಿ ಕಾಂಕ್ರೀಟ್ ಬುಟ್ಟಿ ಹೊರುವ, ಎಲ್ಲರೂ ಅಕ್ಕ ಎನ್ನುವ ಹೆಂಗಸು ಇದ್ದಳು. ಅಂದು ಏನು ಕಂಡೆ ಎಂದು ಅವಳನ್ನು ಕೇಳಿದೆ.

"ಬುಟ್ಟಿ ಹೊರಾವ್ರನ್ನ ಯಾರ್ ಕೇಳ್ತಾರೋ ತಮ್ಮಾ? ನಿಮ್ಮ ಮಾಮಾ ತೆಗಿಯೂದು ಬ್ಯಾಡ ಅಂದ. ಸೂಪರ್‌ವೈಸರ್ 'ನನಗ ಕಲಿಸಬ್ಯಾಡ, ತೆಗಿ' ಅಂದ. ನೀನೂ ಅಲ್ಲೇ ನಿಂತಿದ್ದೆಲ್ಲ."

"ಸುತ್ತಿಗಿ?"

"ಜಾಕಿಗೆ ಸುತ್ತಿಗಿ ಯಾಕೋ ಹುಚ್ಚಾ? ತಿರುವಿದ್ರ ಇಳೀತೈತಿ."

ದಿನಾ ನನ್ನ ಕಣ್ಣೆದುರೇ ಜಾಕ್ ತಿರುವಿ ಇಳಿಸುತ್ತಿದ್ದರು. ಸೂಪರ್‌ವೈಸರನಿಗೂ ಗೊತ್ತಿತ್ತು.

ಮರುದಿನ ಅಕ್ಕನೂ ನಾನೂ ಅಧಿಕಾರಿಯ ಬಳಿ ಹೋದೆವು. ಮೊದಲು ಬರೆದುಕೊಟ್ಟದ್ದು, ಈಗ ಹೇಳುವುದು, ಎರಡರಲ್ಲಿ ಯಾವುದು ನಿಜ ಎಂದು ಅವನು ಹಿಂದಿಯಲ್ಲಿ ಗದರಿದ. ನಾನೂ ಕಿರುಚಿದೆ: ನನ್ನ ನೆನಪಿಗೆ ಬೆಂಕಿ ಹಾಕಿ, ಬಂದು ಜಾಕ್ ನೋಡಿ. ಅವನು ಬಂದ, ತಾನೇ ಒಂದನ್ನು ತಿರುವಿದ. ಅಕ್ಕನ ಹೇಳಿಕೆ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ. ಮಾಮಾನ ಮೇಲಿನ ತಪ್ಪು ಹೋಯಿತು.

ಆಸ್ಪತ್ರೆಯಲ್ಲಿ ಎಲ್ಲವನ್ನೂ ಹೇಳಿದೆ. "ಇದಕ್ಕೇನೋ ಮಗನ ನಿನಗ ಕಾಲೇಜ್ ಓದಿಸಿದ್ದು?" ಎಂದು ಮಾಮಾ ಗೋಡೆಯ ಕಡೆ ತಿರುಗಿಕೊಂಡ.

ಆಮೇಲೂ ಎಷ್ಟೋ ತಿಂಗಳು ನಿದ್ದೆಯಲ್ಲಿ ಮೂಲೆ ಬಾಗುತ್ತಿತ್ತು, ನನಗೆ ಕೂಗಲು ಆಗುತ್ತಿರಲಿಲ್ಲ. ಗೋವಾದಲ್ಲೇ ಡಿಚೋಲಿಯ ಗುತ್ತಿಗೆದಾರನೊಬ್ಬ ಮಾಮಾನನ್ನು ಸೆಂಟ್ರಿಂಗಿಗೆ ಕರೆದ. ಮಾಮಾ ಕುಂಟುತ್ತಲೇ ಜಾಕ್‌ಗಳನ್ನು ನಿಲ್ಲಿಸಿದ. ಅಲ್ಲಿ ಮೊದಲ ಸ್ಲ್ಯಾಬ್ ಯಾವ ಮೂಲೆಯೂ ಬಾಗದೆ ತುಂಬಿ ಮುಗಿದ ದಿನ ನಾನು ಬೆಳಗಿನವರೆಗೆ ನಿದ್ದೆ ಮಾಡಿದೆ.